ಹಿತ್ತಲ ಕಟ್ಟಿಗೆ, ತಾಟಿನ ಹರಳು

ಮಳೆಗಾಲವನ್ನು ಯಾರಾದರೂ ನನ್ನೆದುರು ಹೊಗಳಿದರೆ ನನಗೆ ಮೊದಲು ನೆನಪಾಗುವುದು ಒಂದು ನಾತ. ಮಣ್ಣಿನ ಕಂಪಲ್ಲ. ಮಣ್ಣಿನ ಕಂಪನ್ನು ಹೊಗಳಿಯೇ ಹೊಟ್ಟೆ ಹೊರೆಯುವವರು ಬೇಕಾದಷ್ಟು ಜನರಿದ್ದಾರೆ. ಅವರ ಹೊಟ್ಟೆಯ ಮೇಲೆ ನಾನು ಹೊಡೆಯಲಾರೆ. ನಾನು ಹೇಳುತ್ತಿರುವುದು ಎರಡು ತಿಂಗಳು ನೀರಿಳಿಯದ ತಾಡಪತ್ರಿಯ ಕೆಳಗೆ ಬಿಗಿದು ಮುಚ್ಚಿಟ್ಟ ಕಟ್ಟಿಗೆಯ ನಾತ. ಹುಳಿತ ಹಿಟ್ಟು, ತೊಯ್ದ ನಾಯಿ, ಕಟ್ಟಿಕೊಂಡ ಬಚ್ಚಲು, ಈ ಮೂವರೂ ಕೂಡಿ ಒಂದು ಸಂಸಾರ ಹೂಡಿದರೆ ಹುಟ್ಟುವ ಕೂಸು ಹೇಗೆ ನಾರಬೇಕೋ ಹಾಗೆ. ಆ ಕೂಸನ್ನು ನಾನು ಎರಡೂ ಕೈಯಲ್ಲಿ ಎತ್ತಿ ಆಡಿಸಿದ್ದೇನೆ. ಆದ್ದರಿಂದ ಈ ವಿಷಯದಲ್ಲಿ ಮಾತಾಡುವ ಅಧಿಕಾರ ನನಗಿದೆ.

ಎರಡನೆಯ ಮಹಾಯುದ್ಧ ನಡೆದಿದ್ದ ಕಾಲ. ಧಾರವಾಡದ ಹಳೆಯ ಓಣಿಯೊಂದರಲ್ಲಿ ನಮ್ಮ ಮನೆ. ಚಿಮಣಿ ಎಣ್ಣೆ ಸಿಗುವುದೇ ದುರ್ಲಭವಾಗಿದ್ದರಿಂದ, ಹಸಿ ಕಟ್ಟಿಗೆಯ ಮೇಲೆ ಎರಡು ಹನಿ ಸುರಿದು ಒಲೆ ಹೊತ್ತಿಸುವ ಪುಣ್ಯ ಯಾರಿಗೂ ಇರಲಿಲ್ಲ. ಮನೆಯಲ್ಲಿ ನಾಲ್ಕು ಜನ. ಒಬ್ಬರು ನಮ್ಮ ತಂದೆ. ಸರಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಕಡತ ಕಟ್ಟಿ ಪಿಂಚಣಿಗೆ ಬಂದವರು. ಇನ್ನೊಬ್ಬಳು ತಂದೆಯ ಅಕ್ಕ, ನಮ್ಮ ಅತ್ತೆ. ಹನ್ನೆರಡನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವಳು. ಲೋಕ ಅವಳಿಂದ ಎಲ್ಲವನ್ನೂ ಕಸಿದುಕೊಂಡು ಒಂದು ಅಡಿಗೆಮನೆಯನ್ನು ಮಾತ್ರ ಬಿಟ್ಟುಕೊಟ್ಟಿತ್ತು. ಅವಳು ಅದರ ಹೊಸ್ತಿಲನ್ನು ರಾಜ್ಯದ ಗಡಿ ಕಾದಂತೆ ಕಾಯುತ್ತಿದ್ದಳು. ಮೂರನೆಯವನು ನಾನು, ಸಾಲೆಯ ಮಾಸ್ತರ. ನಾಲ್ಕನೆಯವಳು ನನ್ನ ಹೆಂಡತಿ, ಮದುವೆಯಾಗಿ ಮೂರು ವರ್ಷವಾಗಿತ್ತು. ತಾಯಿ ತೀರಿಹೋಗಿ ನಾಲ್ಕು ವರ್ಷ. ಕೊನೆಯ ದಿನಗಳಲ್ಲಿ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ, ಅಷ್ಟನ್ನು ಇಲ್ಲಿ ಹೇಳಿ ಮುಂದೆ ಹೋಗುತ್ತೇನೆ.

ನಮ್ಮ ಮನೆಯ ರಾಜ್ಯಾಡಳಿತ ಬಹಳ ಸರಳ. ಹಿತ್ತಲು ತಂದೆಯದು. ಅಡಿಗೆಮನೆ ಅತ್ತೆಯದು. ಆದರೆ ಅತ್ತೆಗೆ ಮೊಣಕಾಲ ನೋವಿನಿಂದ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂಡುವುದು ಆಗುತ್ತಿರಲಿಲ್ಲವಾದ್ದರಿಂದ, ಅವಳು ಬಾಗಿಲ ಹತ್ತಿರ ಮಣೆಯ ಮೇಲೆ ಕುಳಿತು ಅಪ್ಪಣೆ ಕೊಡುವಳು. ಒಲೆಯ ಬಾಯಿಯಲ್ಲಿ ಮುಖವಿಟ್ಟು ಊದುವವಳು ನನ್ನ ಹೆಂಡತಿ. ನನ್ನ ಪಾಲಿಗೆ ಎರಡು ಕೆಲಸ. ಸಂಜೆ ಸಾಲೆಯಿಂದ ಬಂದ ಮೇಲೆ ಮರುದಿನಕ್ಕೆ ಬೇಕಾಗುವಷ್ಟು ಕಟ್ಟಿಗೆಯನ್ನು ಹಿತ್ತಲಿಂದ ತಂದು ಹಿಂಬಾಗಿಲ ಕಟ್ಟೆಯ ಮೇಲೆ ಇಡುವುದು, ಮತ್ತು ಹೊತ್ತುಹೊತ್ತಿಗೆ ತಾಟಿನ ಮುಂದೆ ಕೂಡುವುದು. ಎರಡನ್ನೂ ನಿಷ್ಠೆಯಿಂದ ಮಾಡುತ್ತಿದ್ದೆ.

ಕಟ್ಟಿಗೆ ಬರುತ್ತಿದ್ದುದು ಓಣಿಯ ಕೆಳತುದಿಯ ವಖಾರಿಯಿಂದ. ವಖಾರಿಯ ಯಜಮಾನ ಗೋರಂಟಿ ಹಚ್ಚಿದ ಗಡ್ಡದ ಒಬ್ಬ ಮುಸಲ್ಮಾನ ಮುದುಕ. ಓಣಿಗೆಲ್ಲ ಅವನು ಕಾಕಾ. ಕಲಘಟಗಿ ಕಡೆಯ ಕಾಡಿನಿಂದ ಗಾಡಿ ತರಿಸಿ, ತಾನೇ ನಿಂತು ಸೀಳಿಸಿ, ಮನೆಮನೆಗೆ ಹಾಕುತ್ತಿದ್ದ. ದೇವಮನುಷ್ಯನೇನೂ ಅಲ್ಲ. ಗಾಡಿಯ ತಳದಲ್ಲಿ ಕೊಡಲಿಗೂ ಜಗ್ಗದ ಗಂಟುಬಡ್ಡೆಗಳನ್ನು ಅಡಗಿಸಿ ತರುವ ಕಲೆ ಅವನಿಗೆ ಕರಗತವಾಗಿತ್ತು. ಕೇಳಿದರೆ, “ಸಂಸಾರ ಅಂದಮ್ಯಾಲ ಗಂಟು ಇರೂದ ರೀ” ಎನ್ನುತ್ತಿದ್ದ.

ಈ ಕಥೆಯ ಮೊದಲ ವರ್ಷ ನಮ್ಮ ತಂದೆ ಹುಬ್ಬಳ್ಳಿಯ ಪೇಟೆಗೆ ಹೋಗಿ ಒಂದು ತಾಡಪತ್ರಿ ಕೊಂಡು ತಂದರು. ಅದುವರೆಗೆ ನಮ್ಮ ಕಟ್ಟಿಗೆ ಎಲ್ಲರ ಮನೆಯಂತೆ ಗೋಡೆಗೆ ಆತು ಬಿದ್ದು, ತೋಯುವಾಗ ತೊಯ್ದು ಒಣಗುವಾಗ ಒಣಗಿ, ಒಟ್ಟಿನಲ್ಲಿ ಹಣೆಬರಹದ ಮೇಲೆ ಭಾರ ಹಾಕಿ ಬದುಕಿತ್ತು. ತಂದೆಗೆ ಇದು ಅವ್ಯವಸ್ಥೆ ಎನಿಸಿತು. ಗಾಡಿ ಕಟ್ಟಿಗೆಯನ್ನು ನೆಲದ ಮೇಲೆ ಒತ್ತೊತ್ತಾಗಿ, ಒಂದು ಬೆರಳು ತೂರದಂತೆ ಒಟ್ಟಿಸಿ, ತಾಡಪತ್ರಿಯನ್ನು ನಾಲ್ಕೂ ಕಡೆ ನೆಲಕ್ಕೆ ಮುಟ್ಟುವಂತೆ ಎಳೆದು, ಅಂಚಿಗೆ ಕಲ್ಲು ಹೇರಿ, ಮೇಲೆ ಹಗ್ಗ ಸುತ್ತಿ ಗಂಟು ಹಾಕಿದರು. ಮೂವತ್ತು ವರ್ಷ ಕಡತಗಳಿಗೆ ಹಾಕಿದ ಅದೇ ಗಂಟು. ಮೇಲೊಂದು ಮೊಹರು ಒತ್ತಿದ್ದರೆ ದಫ್ತರಕ್ಕೆ ಕಳಿಸಬಹುದಿತ್ತು.

ವಖಾರಿಯ ಕಾಕಾ ಸೊಂಟದ ಮೇಲೆ ಕೈಯಿಟ್ಟು ಇದನ್ನೆಲ್ಲ ನೋಡಿದ.

“ರಾಯರ, ಹೆಣಾ ಸುತ್ತಿದಂಗ ಸುತ್ತೀರಲ್ರಿ. ಉಸರಾಡಾಕ ಒಂದೀಟು ಜಾಗಾ ಬಿಡ್ರಿ.”

“ಕಟ್ಟಿಗಿ ಉಸರಾಡತದೇನು?”

“ಆಡತೈತ್ರಿ. ಕಟ್ಟಿಗಿಗೆ ಮಳಿ ವೈರಿ ಅಲ್ಲ, ಗಾಳಿ ಇಲ್ಲದ್ದು ವೈರಿ. ತಲಿ ಮ್ಯಾಲ ಟೊಪ್ಪಿಗಿ ಹಾಕ್ರಿ, ಮೈಗೆ ಅಂಗಿ ಹಾಕಬ್ಯಾಡ್ರಿ.”

“ನೀ ಮಾರೋದು ಮಾಡು. ಇಡೋದು ನಾ ನೋಡಕೋತೀನಿ,” ಎಂದರು ತಂದೆ. ಕಾಕಾ ಗಡ್ಡ ನೀವಿಕೊಂಡು ಹೋದ.

ಮಿರಗದ ಮಳೆ ಬಂತು, ಆರಿದ್ರಾ ಬಂತು. ಧಾರವಾಡದ ಮಳೆ ಹೊಡೆದು ಹೋಗುವ ಮಳೆಯಲ್ಲ. ಬಂದ ನೆಂಟನ ಹಾಗೆ ಚಾಪೆ ಹಾಸಿಕೊಂಡು ಜಿಟಿಜಿಟಿ ಎಂದು ತಿಂಗಳುಗಟ್ಟಲೆ ಮಾತಾಡುವ ಮಳೆ. ಹೊರಗೆ ಇಟ್ಟಿದ್ದ ಹಳೆಯ ಕಟ್ಟಿಗೆ ತೀರಿದ ಮೇಲೆ ಒಂದು ಸಂಜೆ ತಂದೆ ಶಾಸ್ತ್ರೋಕ್ತವಾಗಿ ಗಂಟು ಬಿಚ್ಚಿ ತಾಡಪತ್ರಿಯ ಒಂದು ಮೂಲೆಯನ್ನು ಎತ್ತಿದರು. ಒಳಗಿನಿಂದ ಬೆಚ್ಚನೆಯ ಹಬೆಯೊಂದು ನಮ್ಮ ಮುಖಕ್ಕೆ ಬಂದು ನಮಸ್ಕಾರ ಮಾಡಿತು. ಆ ನಾತದ ವರ್ಣನೆಯನ್ನು ಮೇಲೆಯೇ ಮಾಡಿದ್ದೇನೆ. ಪುನರುಕ್ತಿ ದೋಷ ಬೇಡ.

ಕಣ್ಣಿಗೆ ಕಂಡದ್ದನ್ನು ಹೇಳುತ್ತೇನೆ. ಕಟ್ಟಿಗೆಯ ಮೈಮೇಲೆ ಮುದುಕರ ಕಿವಿಯಂಥ ಅಣಬೆಗಳು ಎದ್ದಿದ್ದವು. ತೊಗಟೆ ಹಿಡಿದು ಎಳೆದರೆ ಕುದಿಸಿದ ಬಟಾಟಿಯ ಸಿಪ್ಪೆಯಂತೆ ಲೋಳೆಯ ಸಮೇತ ಕೈಗೆ ಬರುತ್ತಿತ್ತು. ಅದರಡಿ ಬಿಳಿಯ ಹುಳುಗಳು ಅನ್ನದ ಅಗುಳಿನಂತೆ ಕೂತಿದ್ದವು, ವ್ಯತ್ಯಾಸವೆಂದರೆ ಅಗುಳು ಹೊರಳಾಡುವುದಿಲ್ಲ. ಸಾವಿರ ಕಾಲಿನ ಹುಳುಗಳು ಸುರುಳಿ ಬಿಚ್ಚಿ ತಂದೆಯ ಪಾದದ ಕಡೆ ಮೆರವಣಿಗೆ ಹೊರಟವು. ಕೆಳಸಾಲಿನಲ್ಲಿ ಒಣಗಿದ್ದು ಇರಬಹುದೆಂದು ನಾನು ಸಂದಿಯಲ್ಲಿ ಕೈ ಹಾಕಿದೆ. ತಣ್ಣಗೆ, ಮೆತ್ತಗೆ, ಜೀವವಿದ್ದೂ ಇಲ್ಲದಂತಿದ್ದ ಏನೋ ಒಂದು ಬೆರಳಿಗೆ ಹತ್ತಿತು. ಅದು ಏನೆಂದು ನಾನು ಇಂದಿಗೂ ವಿಚಾರಿಸಿಲ್ಲ.

“ಸ್ವಲ್ಪ ಥಂಡಿ ಹಿಡದದ,” ಎಂದರು ತಂದೆ. ಮತ್ತೆ ಮುಚ್ಚಿ, ಮೊದಲಿಗಿಂತ ಬಿಗಿಯಾಗಿ ಗಂಟು ಹಾಕಿದರು.

ಆ ಕಟ್ಟಿಗೆ ಉರಿಯುತ್ತಿರಲಿಲ್ಲ, ಒಲೆಯಲ್ಲಿ ಬೆವರುತ್ತಿತ್ತು. ತುದಿಯಿಂದ ನೊರೆ ಬರುವುದು, ಸುಂಯ್ ಎಂದು ಅಳುವುದು, ಮತ್ತೆ ಹೊಗೆ. ಹಳದಿ ಹೊಗೆ, ದಪ್ಪ ಹೊಗೆ, ಕಣ್ಣಿಗೆ ಮಾತ್ರವಲ್ಲ ನಾಲಿಗೆಗೂ ಹತ್ತುವ ಹೊಗೆ. ಅನ್ನ ಹೊಗೆ, ಹುಳಿ ಹೊಗೆ, ಮಜ್ಜಿಗೆ ಒಲೆಯ ಮುಖವನ್ನೇ ನೋಡದ ಪದಾರ್ಥ, ಅದೂ ಹೊಗೆ. ನನ್ನ ಅಂಗಿ ನಾರುವುದರಿಂದ ಸಾಲೆಯಲ್ಲಿ ಹುಡುಗರು ಲೆಕ್ಕ ಬರೆದ ಪಟ್ಟಿ ತೋರಿಸಲು ಹತ್ತಿರ ಬರುವುದನ್ನು ಬಿಟ್ಟರು. ಇದೊಂದೇ ಲಾಭ.

ಇಷ್ಟೆಲ್ಲ ಅನುಭವಿಸಿದವನು ನಾನೆಂಬಂತೆ ಬರೆಯುತ್ತಿದ್ದೇನೆ, ನೋಡಿ. ಒಲೆಯ ಮುಂದೆ ಇದ್ದವಳು ಅವಳು. ಬೆಳಗಿನ ಐದಕ್ಕೆ ಊದುಗೊಳವಿ ಹಿಡಿದು ಕೂತರೆ ಹನ್ನೊಂದರವರೆಗೆ ಏಳುವಂತಿರಲಿಲ್ಲ. ಶ್ರಾವಣ ಮುಗಿಯುವ ಹೊತ್ತಿಗೆ ಅವಳ ಕಣ್ಣುಗಳು ಗೋರಂಟಿ ಅರೆದು ಹಚ್ಚಿದಂತೆ ಕೆಂಪಾಗಿದ್ದವು. ಬೆಳಿಗ್ಗೆ ಎದ್ದಾಗ ರೆಪ್ಪೆಗಳು ಅಂಟಿಕೊಂಡು, ನೀರು ಹಚ್ಚಿ ಬಿಡಿಸಿಕೊಳ್ಳಬೇಕಾಗುತ್ತಿತ್ತು. ಆದರೂ ಅದು ಮನೆಯಲ್ಲಿ ಒಂದು ವಿಷಯವಾದದ್ದು ಹರಳಿನಿಂದ.

ಅನ್ನದಲ್ಲಿ ಹರಳು ಬರತೊಡಗಿದವು. ಅಕ್ಕಿ ಹಸನು ಮಾಡುವವಳು ಅವಳೇ. ಮೊರದಲ್ಲಿನ ಬಿಳಿಯ ಹರಳು ಅವಳಿಗೆ ಕಾಣದಾಗಿತ್ತು. ತಂದೆ ಊಟದ ನಡುವೆ ಕಟಂ ಎನಿಸಿ, ದವಡೆ ನಿಲ್ಲಿಸಿ, ಕಣ್ಣು ಮುಚ್ಚಿ, ಎರಡು ಬೆರಳಿನಿಂದ ಆ ಹರಳನ್ನು ಹೊರತೆಗೆದು ತಾಟಿನ ಅಂಚಿಗೆ ಇಡುತ್ತಿದ್ದರು. ಮಾತಿಲ್ಲ. ಊಟ ಮುಗಿಯುವವರೆಗೆ ಅದು ಅಲ್ಲಿ ಪುರಾವೆಯಾಗಿ ಕೂತಿರಬೇಕು. ಒಂದು ದಿನ ಮೂರು ಪುರಾವೆಗಳಾದವು. ಅಂದು ಮಾತ್ರ, “ನಾಳಿಂದ ಅಕ್ಕಿ ಬದಲಿ ಹರಳs ಕುದಸ್ರಿ, ನಡನಡುವ ಅಕ್ಕಿ ಬಂದರ ತಗದಿಡತೀನಿ,” ಎಂದರು.

ಅವಳನ್ನು ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರು ರೆಪ್ಪೆ ಮಗುಚಿ ನೋಡಿ, ನನ್ನನ್ನು ನೋಡಿ, ಮತ್ತೆ ರೆಪ್ಪೆ ನೋಡಿದರು.

“ಒಳಗ ಹುಣ್ಣಾಗ್ಯಾವ. ಔಷಧ ಕೊಡತೀನಿ, ಆದರ ಔಷಧದ್ದೇನೂ ನಡಿಯೂದಿಲ್ಲ. ಹೊಗಿ ತಪ್ಪಸ್ರಿ ಮಾಸ್ತರ. ಇನ್ನೆರಡು ಮಳಿಗಾಲ ಹಿಂಗ ಹೋದರ ಇವರು ಸೂಜಿ ಪೋಣಸೋದು ಮರೀಬೇಕು. ಆಮ್ಯಾಲೆ ಬಾಗಲಾ ಎಲ್ಲಿ ಅದ ಅನ್ನೋದೂ ಮರೀಬೇಕಾಗತದ.”

ದಾರಿಯಲ್ಲಿ ಅವಳು ಒಂದೇ ಮಾತು ಆಡಿದಳು: “ಎರಡು ಮಳಿಗಾಲ ಅಂದ್ರಲ್ಲ, ಇದನ್ನೂ ಹಿಡದೋ ಬಿಟ್ಟೋ?” ನನಗೆ ಗೊತ್ತಿರಲಿಲ್ಲ. ಕೇಳಲು ತಿರುಗಿ ಹೋಗುವ ಧೈರ್ಯವೂ ಆಗಲಿಲ್ಲ.

ಮನೆಯಲ್ಲಿ ವರದಿ ಒಪ್ಪಿಸಿದೆ. ಅತ್ತೆ, “ಹೊಗಿ ಇಲ್ಲದ ಒಲಿ ಯಾವ ಊರಾಗದ? ನಿಮ್ಮವ್ವ ಇಪ್ಪತ್ತೈದು ವರ್ಷ ಊದಲಿಲ್ಲೇನು?” ಎಂದಳು. ತಂದೆ ಬಹಳ ಹೊತ್ತು ತಾಡಪತ್ರಿಯ ಕಡೆ ನೋಡಿ, “ಮುಂದಿನ ವರ್ಷ ಬೇರೆ ಪ್ರಯೋಗ ಮಾಡೋಣ,” ಎಂದರು. ಸೋತೆನೆಂದು ಒಪ್ಪಿಕೊಳ್ಳುವ ಪದ್ಧತಿ ಅವರ ಕಚೇರಿಯಲ್ಲಿ ಇರಲಿಲ್ಲ.

ಮರುವರ್ಷ ಫಾಲ್ಗುಣದಲ್ಲಿಯೇ ನಾನು ಕಾಕಾನ ಕಾಲು ಹಿಡಿದೆ. ಅವನು ಮತ್ತಿಯ ಕಟ್ಟಿಗೆಯನ್ನು ಸಣ್ಣಗೆ ಸೀಳಿಸಿ ತಂದು, ತಾನೇ ಒಟ್ಟಿಕೊಟ್ಟ. ಕೆಳಗೆ ಎರಡು ಸಾಲು ಕಲ್ಲು, ನೆಲದಿಂದ ಒಂದು ಗೇಣು ಎತ್ತರ. ಒಂದು ಸಾಲು ಉದ್ದಕ್ಕೆ, ಮೇಲಿನ ಸಾಲು ಅಡ್ಡಕ್ಕೆ, ನಡುನಡುವೆ ಇಲಿ ಓಡುವಷ್ಟು ಸಂದಿ. ತೊಗಟೆಯ ಮೈ ಮೇಲೆ, ಮಳೆಹನಿ ಬಿದ್ದರೂ ಜಾರಿಹೋಗಲಿ ಎಂದು. ಪಡುವಣ ಗಾಳಿಗೆ ಎದೆಗೊಟ್ಟು ನಿಲ್ಲುವಂತೆ, ಗೋಡೆಯಿಂದ ಎರಡು ಮೊಳ ದೂರ. ನೆತ್ತಿಯ ಮೇಲೆ ಮಾತ್ರ ಹಳೆಯ ಹಂಚು ಹೊದಿಸಿದ; ಬದಿಗಳೆಲ್ಲ ಬಯಲು. ಅದೇ ತಾಡಪತ್ರಿಯನ್ನು ಬಳಸಬಾರದೇ ಎಂದು ತಂದೆ ಕೇಳಿದ್ದಕ್ಕೆ, “ಬಳಸ್ರಿ, ನಿಮಗ ಹೊದಿಯಾಕ,” ಎಂದ.

ಮಳೆ ಬಂತು. ಇರಿಚಲು ಹೊಡೆಯಿತು. ಹೊರಮೈ ಸ್ವಲ್ಪ ತೋಯುವುದು, ಎರಡು ತಾಸು ಗಾಳಿ ಬೀಸಿದರೆ ಮತ್ತೆ ಒಣಗುವುದು. ಪುಷ್ಯ ಮಳೆಯ ನಡುವೆ ಎರಡು ಸೀಳುಗಳನ್ನು ತೆಗೆದು ಒಂದಕ್ಕೊಂದು ಬಡಿದು ನೋಡಿದೆ. ಠಣ್ ಎಂದವು, ತಾಳ ಬಡಿದಂತೆ. ನನಗೆ ಕುಣಿಯಬೇಕೆನಿಸಿತು. ಸಂಜೆಗೊಮ್ಮೆ ಒಣಕಟ್ಟಿಗೆಯ ಹೊರೆಯನ್ನು ಕಟ್ಟೆಯ ಮೇಲೆ ಇಟ್ಟು, ಪತ್ನಿಯ ಕಣ್ಣು ಉಳಿಸಿದ ಪತಿ ಎಂದು ನನ್ನ ಬೆನ್ನನ್ನು ನಾನೇ ಚಪ್ಪರಿಸಿಕೊಂಡು ಒಳಗೆ ಹೋಗುತ್ತಿದ್ದೆ.

ಬೆಳಿಗ್ಗೆ ಎದ್ದರೆ ಅಡಿಗೆಮನೆಯಿಂದ ಅದೇ ಹೊಗೆ. ಅದೇ ಸುಂಯ್ ಎಂಬ ಅಳು. ತಾಟಿನ ಅಂಚಿನಲ್ಲಿ ಅದೇ ಪುರಾವೆಗಳು.

ಅವಳ ಎಡಗಣ್ಣು ಮಂಜಾಗತೊಡಗಿತ್ತು. ತಂದೆ ಕೂಡಲೇ ತೀರ್ಪು ಕೊಟ್ಟರು: “ಅವಾ ಮೋಸ ಮಾಡ್ಯಾನ. ಮ್ಯಾಲ ಮ್ಯಾಲ ಒಣಾ, ಒಳಗ ಹಸಿ. ಹೋಗಿ ಕೇಳು.” ಬಡಿದರೆ ಠಣ್ ಎನ್ನುವ ಕಟ್ಟಿಗೆಯನ್ನು ದಿನಾಲೂ ನನ್ನ ಕೈಯಾರೆ ಹೊತ್ತವನು ನಾನು. ಆದರೂ ಹೋದೆ. ಹೋಗಿ, ವಖಾರಿಯಲ್ಲಿ ನಾಲ್ಕು ಜನ ಗಿರಾಕಿಗಳ ಮುಂದೆ, ಮಾಸ್ತರನ ಧ್ವನಿಯಲ್ಲಿ, ಹಸಿ ಕಟ್ಟಿಗೆ ಕೊಟ್ಟು ಮೋಸ ಮಾಡಿದೆ ಎಂದೆ. ಈಗ ಬರೆಯುವಾಗಲೂ ಆ ತಾಡಪತ್ರಿಯ ಸಂದಿಯಲ್ಲಿ ಕೈಯಿಟ್ಟ ಹಾಗಾಗುತ್ತದೆ.

ಕಾಕಾ ಟೊಪ್ಪಿಗೆ ಸರಿಮಾಡಿಕೊಂಡು, “ನಡೀರಿ,” ಎಂದ. ಜಿಟಿಜಿಟಿ ಮಳೆಯಲ್ಲೇ ನನ್ನ ಮುಂದೆ ನಡೆದ. ಹಿತ್ತಲಿಗೆ ಬಂದು, ತಂದೆಯ ಎದುರಿಗೇ ರಾಶಿಯ ನಡುವಿನಿಂದ ಎರಡು ಸೀಳು ಎಳೆದು ಬಡಿದ. ಠಣ್.

“ಕೇಳ್ರಿ ರಾಯರ. ಮಾತಾಡಾಕತ್ತೈತಿ. ಹಸಿ ಕಟ್ಟಿಗಿ ಮಾತಾಡೂದಿಲ್ಲ, ಗೊಣಗತೈತಿ. ಈಗ ಒಲಿಯಾಗ ಹಾಕೂದು ಒಂದು ತರಸ್ರಿ, ನೋಡೂನು.”

ನಾನು ಒಳಗೆ ಹೋಗಿ ಕೇಳಿದೆ. ನನ್ನ ಹೆಂಡತಿ ಒಲೆಯ ಪಕ್ಕದಿಂದ ಒಂದು ತುಂಡನ್ನು ಎತ್ತಿ ಕೊಟ್ಟಳು. ನನ್ನ ಮುಖ ನೋಡಲಿಲ್ಲ. ಕಾಕಾ ಅದನ್ನು ಬಡಿದ, ಗೊದ್ದ್ ಎಂದಿತು. ಮೂಗಿಗೆ ಹಿಡಿದ. ಹೆಬ್ಬೆರಳಿನಿಂದ ತಿಕ್ಕಿ ನೋಡಿದ. ಅವನ ಮುಖದಲ್ಲಿ ಮೊದಲು ಆಶ್ಚರ್ಯ, ಆಮೇಲೆ ಬೇರೆ ಏನೋ ಮೂಡಿತು.

“ಇದು ಮಳೀಗೆ ತೊಯ್ದದ್ದಲ್ರಿ. ಇದಕ್ಕ ಜಳಕಾ ಮಾಡಸ್ಯಾರು.”

ಆಗ ಹಿಂಬಾಗಿಲ ಒಳಗಿನಿಂದ, ಮಣೆಯ ಮೇಲಿನಿಂದ, ಅತ್ತೆಯ ಧ್ವನಿ ಬಂತು. ಅದರಲ್ಲಿ ಸಂಕೋಚದ ಎಳೆಯೂ ಇರಲಿಲ್ಲ.

“ಮಾಡಿಸೀನಿ. ಯಾಕ, ಮಾಡಿಸಬಾರದೇನು? ಕಂಡಕಂಡವರು ಮುಟ್ಟಿದ್ದು ಹಂಗ ಮಡಿ ಒಲಿಗೆ ಹಾಕಬೇಕೇನು?”

ತಂದೆ ಕಕ್ಕಾಬಿಕ್ಕಿಯಾಗಿ, “ಅಕ್ಕಾ, ಕಟ್ಟಿಗಿಗೆ ಯಾರರ ನೀರು ಹಾಕತಾರ?” ಎಂದರು.

“ನಾ ಹಾಕತೀನಿ. ಬೆಳಿಗ್ಗೆ ಎದ್ದು ಎರಡು ಕೊಡಾ. ಅವಾ ಒಬ್ಬನ ಮುಟ್ಟ್ಯಾನಂತ ತಿಳೀಬ್ಯಾಡ. ಈ ನಿನ್ನ ಮಗಾ ಏನು ಕಡಿಮಿ? ಸಾಲ್ಯಾಗ ಯಾರ್ಯಾರ ಜೋಡಿ ಕೂತು ಎದ್ದು ಬಂದು, ಕೈಕಾಲು ಸೈತ ತೊಳಕೊಳದ ಕಟ್ಟಿಗಿ ಹೊತಗೊಂಡು ಬರತಾನ. ಮೂವತ್ತು ವರ್ಷ ಹಾಕೀನಿ, ನಾಳಿಗೂ ಹಾಕತೀನಿ.”

ಹೀಗೆ ಇತ್ತು ಸಂಗತಿ. ಹಿತ್ತಲ ಸಾಮ್ರಾಟರು ವರ್ಷವಿಡೀ ಒಣಗಿಸುವುದು, ಅಡಿಗೆಮನೆಯ ಸಾಮ್ರಾಜ್ಞಿ ಒಂದು ಗಳಿಗೆಯಲ್ಲಿ ತೋಯಿಸುವುದು. ಒಂದೇ ಗೋಡೆಯ ಆ ಕಡೆ ಈ ಕಡೆ ಮೂವತ್ತು ವರ್ಷ ಈ ಎರಡು ಇಲಾಖೆಗಳ ನಡುವೆ ಒಂದು ಕಾಗದವೂ ಓಡಾಡಿರಲಿಲ್ಲ. ಬೇಸಿಗೆಯಲ್ಲಿ ಹಾಕಿದ ನೀರು ಬಿಸಿಲಿಗೆ ಆರುತ್ತಿತ್ತು, ಮಳೆಗಾಲದಲ್ಲಿ ಆರುವುದೆಲ್ಲಿ?

ಕಾಕಾ ಆ ತುಂಡನ್ನು ನಿಧಾನವಾಗಿ ಕಟ್ಟೆಯ ಮೇಲೆ ಇಟ್ಟ. ತನ್ನ ಅಂಗೈಯನ್ನು ತಾನೇ ಒಮ್ಮೆ ನೋಡಿಕೊಂಡ.

“ಆತು ಬಿಡ್ರಿ,” ಎಂದ. “ನಮ್ಮ ಕಟ್ಟಿಗಿ ನಿಮ್ಮ ಮನ್ಯಾಗ ನಮಗಿಂತ ಹೆಚ್ಚು ಜಳಕಾ ಮಾಡತೈತಿ. ಮಾಸ್ತರ, ವಖಾರ್ಯಾಗ ನಾಕ ಮಂದಿ ಮುಂದ ಹೇಳಿದ್ರಿ. ಆ ನಾಕ ಮಂದಿ ಇನ್ನೂ ಅಲ್ಲೇ ಕುಂತಿರತಾರ, ಮಳಿ ನಿಂತಿಲ್ಲ.”

ನಾನು ಅವನ ಹಿಂದೆ ಹೋಗಿ, ಆ ನಾಲ್ವರ ಮುಂದೆಯೇ ತಪ್ಪಾಯಿತು ಎಂದೆ. ಧ್ವನಿ ಮಾಸ್ತರನದಾಗಿರಲಿಲ್ಲ. ನಾಲ್ವರಲ್ಲಿ ಒಬ್ಬ, “ಹಂಗಾರ ಯಾಕ ಹೊಗಿ ಬರತಿತ್ರಿ?” ಎಂದು ಕೇಳಿದ. ಕಾಕಾನೇ, “ಒಲೀದು ತಪ್ಪು, ಕಟ್ಟಿಗೀದಲ್ಲ,” ಎಂದು ಮುಗಿಸಿದ. ನಮ್ಮ ಮನೆಯ ಮಾನವನ್ನು ಅವನು ಮುಚ್ಚಿದ್ದು ಹಾಗೆ. ನಾವು ಅವನ ಮಾನವನ್ನು ಇಟ್ಟ ಬಗೆಯನ್ನು ಮೇಲೆ ಬರೆದಿದ್ದೇನೆ.

ಮನೆಗೆ ಬಂದು ಹೆಂಡತಿಯನ್ನು ಕೇಳಿದೆ: “ನಿನಗ ಗೊತ್ತಿತ್ತಲ್ಲ. ಯಾಕ ಹೇಳಲಿಲ್ಲ?”

ಅವಳು ಕೆಂಪು ಕಣ್ಣನ್ನು ಸೆರಗಿನಿಂದ ಒತ್ತಿಕೊಂಡು, “ಹೇಳಿದ್ರ ಏನು ಮಾಡತಿದ್ರಿ?” ಎಂದಳು.

ಆಗ ನನಗೆ ತಾಯಿ ನೆನಪಾದಳು. ತೀರಿಕೊಂಡಾಗ ಅವಳಿಗೆ ನಲವತ್ತೆಂಟು. ಕೊನೆಯ ಐದಾರು ವರ್ಷ ನನ್ನನ್ನು ಹೆಜ್ಜೆಯ ಸಪ್ಪಳದಿಂದ ಗುರುತಿಸುತ್ತಿದ್ದಳು. ಆಗಲೂ ಅನ್ನದಲ್ಲಿ ಹರಳು ಬರುತ್ತಿದ್ದವು. ಆಗಲೂ ಅವು ತಾಟಿನ ಅಂಚಿನಲ್ಲಿ ಸಾಲಾಗಿ ಕೂಡುತ್ತಿದ್ದವು. ನಾವೆಲ್ಲ ಅದಕ್ಕೆ ವಯಸ್ಸು ಎಂದು ಹೆಸರಿಟ್ಟು ಊಟ ಮುಂದುವರಿಸಿದ್ದೆವು. ಕಟ್ಟಿಗೆಯ ತೊಗಟೆ ಎಳೆದಾಗ ಒಳಗೆ ಕಂಡದ್ದನ್ನು ಅಷ್ಟು ಅಸಹ್ಯಪಟ್ಟು ವರ್ಣಿಸಿದೆನಲ್ಲ. ನಮ್ಮ ತೊಗಟೆಯನ್ನು ಯಾರೂ ಎಳೆದಿರಲಿಲ್ಲ, ಅಷ್ಟೇ ವ್ಯತ್ಯಾಸ.

ನೀರು ಹಾಕುವುದನ್ನು ನಿಲ್ಲಿಸಲು ಮಾಡಿದ ಪ್ರಯತ್ನಗಳು ಒಂದೊಂದಾಗಿ ಬಿದ್ದವು. ಒಣ ಪದಾರ್ಥಕ್ಕೆ ಮೈಲಿಗೆಯಿಲ್ಲವೆಂದು ತಂದೆ ಶಾಸ್ತ್ರ ಹೇಳಿದರು. “ಅವಾ ಮುಟ್ಟಿದಾಗ ಒಣಗಿತ್ತು ಅಂತ ನೀ ನೋಡೀಯೇನು?” ಎಂದಳು ಅತ್ತೆ. ಬೆಂಕಿಯೇ ಎಲ್ಲವನ್ನೂ ಶುದ್ಧ ಮಾಡುತ್ತದೆ ಎಂದು ನಾನು ಹೇಳಿದೆ. “ಬೆಂಕಿಗೆ ಹೋಗೋತನಕ ಮಡೀ ಮನ್ಯಾಗ ಇರತದಲ್ಲ, ಅದರ ಗತಿ ಏನು?” ಡಾಕ್ಟರರ ಮಾತು ಎತ್ತಿದೆ. ಅವಳು ಅಡಿಗೆಮನೆಯ ಹೊಸ್ತಿಲನ್ನು ಕೈಯಿಂದ ಸವರಿದಳು. ಆಮೇಲೆ, “ನಾ ನಾಳೆ ಸಾಯೋಕ್ಕಿ. ಇದೊಂದು ಬಿಟ್ಟರ ನನ್ನ ಹತ್ರ ಏನದ?” ಎಂದಳು.

ಆ ಮಳೆಗಾಲದ ಉಳಿದ ದಿನಗಳನ್ನು ನನ್ನ ಹೆಂಡತಿ ಅರ್ಧ ಕುಳ್ಳಿನಿಂದ, ಅರ್ಧ ಕಣ್ಣಿನಿಂದ ತಳ್ಳಿದಳು. ಕುಳ್ಳು ಸಗಣಿಯದಾದ್ದರಿಂದ ಅತ್ತೆಯ ಲೆಕ್ಕದಲ್ಲಿ ಹುಟ್ಟಾ ಪವಿತ್ರ, ಜಳಕ ಬೇಡ. ಆದರೆ ಎಲ್ಲ ಅಡಿಗೆಗೂ ಸಾಲುವಷ್ಟು ಸಿಗುತ್ತಿರಲಿಲ್ಲ. ದಾರಿ ತೋರಿಸಿದವಳು ಕೊನೆಗೆ ಹೆಂಡತಿಯೇ. ಚೈತ್ರದಲ್ಲಿ ಹೊಸ ಗಾಡಿ ಬರುವ ಹಿಂದಿನ ದಿನ, ಅತ್ತೆಯ ಕಾಲು ಒತ್ತುತ್ತ ಹೇಳಿದಳಂತೆ:

“ಅತ್ಯಾ, ಬಾಗಲದಾಗ ಎರಡು ಕೊಡಾ ಹಾಕಿದ್ರ ಏನು ಮಡಿ ಆತು? ಒಂದು ಮೈ ತೋದರ ಇನ್ನೊಂದು ಮೈ ಹಂಗs ಇರತದ. ಬಿಸಲಿದ್ದಾಗ ಇಡೀ ಗಾಡಿ ಕಟ್ಟಿಗಿ ಒಂದೊಂದಾಗಿ ಎಲ್ಲಾ ಮೈ ತೊಳದು ಒಟ್ಟಿ ಬಿಡೋಣು. ಆಮ್ಯಾಲೆ ಮಡೀಲೆ ಇದ್ದವರ ಹೊರತು ಯಾರೂ ರಾಶಿ ಮುಟ್ಟಬಾರದು. ಇವರೂ ಮುಟ್ಟಬಾರದು.”

ಅತ್ತೆ ಎದ್ದು ಕುಳಿತಳಂತೆ. ಮಡಿಯನ್ನು ಸಡಿಲಿಸಲು ಹೋದವರು ನಮ್ಮ ಮನೆಯಲ್ಲಿ ಎಂದೂ ಗೆದ್ದಿರಲಿಲ್ಲ. ಬಿಗಿ ಮಾಡಲು ಬಂದವಳನ್ನು ತಡೆಯುವ ಶಕ್ತಿ ಬ್ರಹ್ಮನಿಗೂ ಇರಲಿಲ್ಲ. “ಇಷ್ಟು ದಿನ ಅರ್ಧಾ ಮಡೀನs ಉಂಡಂಗಾತಲ್ಲ!” ಎಂದು ಅತ್ತೆ ಗಾಬರಿಯಾದಳು.

ಹೀಗೆ ಚೈತ್ರದ ಸುಡುಬಿಸಿಲಿನಲ್ಲಿ ನಾವು ಒಂದು ಗಾಡಿ ಕಟ್ಟಿಗೆಗೆ ಅಭ್ಯಂಗ ಮಾಡಿಸಿದೆವು. ನಾನು ಒದ್ದೆ ಪಂಚೆಯುಟ್ಟು ಬಾವಿಯಿಂದ ನೀರು ಸೇದುವುದು, ಅತ್ತೆ ಕಟ್ಟೆಯ ಮೇಲೆ ಕೂತು ಸುರಿಯುವುದು, ತಂದೆ ಒಂದೊಂದನ್ನೂ ಮಗುಚಿ ತಿಕ್ಕುವುದು. ಓಣಿಯವರು ಗೋಡೆಯ ಮೇಲಿನಿಂದ ಇಣುಕಿ, ಈ ಮನೆಗೆ ಬಿಸಿಲು ತಲೆಗೇರಿದೆ ಎಂದು ನಿಶ್ಚಯಿಸಿ ಇಳಿದರು. ಕಾಕಾ ಮಾತ್ರ ಇಳಿಯಲಿಲ್ಲ. ರಾಶಿಯನ್ನು ಮುಟ್ಟಬಾರದೆಂದ ಮೇಲೆ ಅವನು ಗೋಡೆಯ ಆಚೆ ಕಲ್ಲಿನ ಮೇಲೆ ಕೂತು, ಬೀಡಿ ಹಚ್ಚಿ, ಬಾಯಿಯಿಂದಲೇ ಒಟ್ಟಿಸಿದ.

“ಮಾಸ್ತರ, ಮೀನಾ ತೊಳದಂಗ ತೊಳ್ಯಾಕತ್ತೀರಲ್ರಿ!”

“ಏ, ಮಡ್ಯಾಗ ಆ ಹೆಸರು ತಗೀಬ್ಯಾಡೋ!” ಎಂದು ಅತ್ತೆ ಕೂಗಿದಳು.

“ತಪ್ಪಾತವಾ, ಬದ್ನಿಕಾಯಿ ತೊಳದಂಗ. ರಾಯರ, ಆ ದಪ್ಪಂದು ಕೆಳಗ, ಕೆಳಗ! ತೊಗಟಿ ಮ್ಯಾಲ ಮಾಡ್ರಿ. ಇದೇನು ಕಡತಾ ಅಲ್ಲ, ಸಂದಿ ಬಿಡ್ರಿ. ಮೂವತ್ತು ವರ್ಷ ನಾ ಹೊತ್ತು ಹಾಕಿದೆ. ಈಗ ಕುಂತು ನೋಡೂ ಭಾಗ್ಯ ಬಂತು.”

ಮೂವತ್ತು ವರ್ಷ ಕಚೇರಿ ನಡೆಸಿದ ನಮ್ಮ ತಂದೆ ಬೆವರೊರೆಸಿಕೊಂಡು ಸಂದಿ ಬಿಟ್ಟರು. ಗಾಡಿಯ ತಳದ ಗಂಟುಬಡ್ಡೆಗಳು ಆ ವರ್ಷವೂ ಇದ್ದವು. ಅವುಗಳನ್ನೂ ಎಲ್ಲಾ ಮೈ ತೊಳೆದೆವು.

ಮಳೆ ಬಂದಾಗ ನನ್ನ ದಂಡನೆ ಶುರುವಾಯಿತು. ರಾಶಿಯನ್ನು ಮಡಿಯಲ್ಲಿದ್ದವರೇ ಮುಟ್ಟಬೇಕು; ಅತ್ತೆಗೆ ಮೊಣಕಾಲು, ತಂದೆಗೆ ಥಂಡಿ, ಹೆಂಡತಿ ಒಲೆಯ ಮುಂದೆ. ಆದ್ದರಿಂದ ದಿನಾಲೂ ಬೆಳಿಗ್ಗೆ ತಣ್ಣೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲಿ ನಡುಗುತ್ತ, ಒಣ ಕಟ್ಟಿಗೆಗೆ ನನ್ನ ಮೈಯ ನೀರು ತಾಗದಂತೆ ತೋಳುದ್ದ ದೂರ ಹಿಡಿದು ನಾನು ಹಿತ್ತಲಿಂದ ತರಬೇಕಾಯಿತು. ಮೂವತ್ತು ವರ್ಷ ಕಟ್ಟಿಗೆ ಮಾಡಿದ ಜಳಕವನ್ನು ಈಗ ನಾನು ಮಾಡುತ್ತಿದ್ದೆ. ಕೆಸರಿನಲ್ಲಿ ಜಾರುವುದು, ಕಾಲಿಗೆ ಎರೆಹುಳು ಸುತ್ತುವುದು, ಬೆನ್ನ ಮೇಲೆ ಹಂಚಿನ ಹನಿ ಬೀಳುವುದು. ಹಾಲು ತರಲು ಹೊರಟ ಸಾಲೆಯ ಹುಡುಗರು ಗೋಡೆಯಾಚೆಯಿಂದ “ನಮಸ್ಕಾರ್ರಿ ಸರ್” ಎನ್ನುವುದು. ಒಟ್ಟಿನಲ್ಲಿ ಹೇಸಿಗೆಯ ಬದುಕು.

ಆದರೆ ಮೊದಲ ದಿನ ನಾನು ತಂದ ಕಟ್ಟಿಗೆಯನ್ನು ಒಲೆಗಿಟ್ಟು ಅವಳು ಒಂದೇ ಸಲ ಊದಿದಳು. ಭಗ್ ಎಂದು ಹತ್ತಿಕೊಂಡಿತು. ಅವಳು ಊದುಗೊಳವಿಯನ್ನು ಕೈಯಲ್ಲಿ ಹಿಡಿದೇ ಸ್ವಲ್ಪ ಹೊತ್ತು ಬೆಂಕಿಯನ್ನು ನೋಡಿ, “ಇಷ್ಟು ಲಗೂ ಹತ್ತತದ ಅಂತ ಗೊತ್ತಿದ್ದರ ಇನ್ನೊಂದು ತಾಸು ಮಲಗತಿದ್ದೆ,” ಎಂದಳು.

ಬಲಗಣ್ಣು ತಿಳಿಯಾಯಿತು. ಎಡಗಣ್ಣಿನ ಮಂಜು ಪೂರ್ತಿ ಹೋಗಲಿಲ್ಲ, ಕೊನೆಯವರೆಗೂ ಹೋಗಲಿಲ್ಲ. ಸೂಜಿ ಪೋಣಿಸುವಾಗ ಅವಳು ತಲೆಯನ್ನು ಸ್ವಲ್ಪ ಓರೆ ಮಾಡುವುದನ್ನು ಕಂಡಾಗಲೆಲ್ಲ ನಾನು ಬೇರೆ ಕಡೆ ನೋಡುತ್ತಿದ್ದೆ.

ಆ ಶ್ರಾವಣದಲ್ಲಿ ಹರಳು ನಿಂತವು. ತಂದೆ ಮೊದಲ ಕೆಲವು ದಿನ ಅಗುಳಗುಳನ್ನೂ ಅನುಮಾನದಿಂದ ಅಗಿದರು. ಏನೂ ಸಿಗದೆ, ತಾಟಿನ ಬರಿಯ ಅಂಚನ್ನು ನೋಡುತ್ತ ಸ್ವಲ್ಪ ಅನಾಥರಾದಂತೆ ಕಂಡರು. ಒಂದು ದಿನ ಹುಳಿಯನ್ನ ಕಲಸಿ ತುತ್ತು ಬಾಯಿಗಿಟ್ಟೆ. ನನ್ನ ದವಡೆಯಡಿ ಕಟಂ ಎಂದಿತು. ದೊಡ್ಡ ಹರಳೇ. ತಂದೆ ತಲೆಯೆತ್ತಿ ನನ್ನ ಕಡೆ ನೋಡಿದರು. ಅವರ ಕಣ್ಣಿನಲ್ಲಿ ಹಳೆಯ ಆಸೆಯೊಂದು ಮಿಂಚಿತು. ಒಲೆಯ ಹತ್ತಿರ ಸೌಟಿನ ಸದ್ದು ನಿಂತಿತು.

“ಏನದು?” ಎಂದರು ತಂದೆ.

“ಏನಿಲ್ರಿ,” ಎಂದು ಹೇಳಿ ಅದನ್ನು ಹಾಗೆಯೇ ನುಂಗಿದೆ.